ಗಾದಿಯ ಮೇಲೆ ಎಷ್ಟು ಜನ ಕೂಡಬೇಕು?

(ಕಲಬುರಗಿಯಲ್ಲಿ ಬೇಳೆ ಗಿರಣಿ ಮಾಲೀಕರು, ಸಣ್ಣ ಉದ್ದಿಮೆದಾರರು ಮತ್ತು ರೈತ ಉತ್ಪಾದಕ ಕಂಪನಿಗಳ ನಿರ್ದೇಶಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ಶರಣು ಶರಣಾರ್ಥಿ.

2024ರ ಜೂನ್ 21 ಇಲ್ಲಿ ಕೂತಿರುವ ಹಲವರಿಗೆ ನೆನಪಿರಬೇಕು. ಅಂದು ಕೇಂದ್ರ ಸರ್ಕಾರ ತೊಗರಿ ಮತ್ತು ಕಡಲೆಯ ದಾಸ್ತಾನಿಗೆ ಮಿತಿ ಹಾಕಿತು. ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್. ಗಿರಣಿಗಳಿಗೆ ಹಿಂದಿನ ಮೂರು ತಿಂಗಳ ಉತ್ಪಾದನೆ ಅಥವಾ ವಾರ್ಷಿಕ ಸ್ಥಾಪಿತ ಸಾಮರ್ಥ್ಯದ ಶೇ 25, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು. ಆದೇಶ ತಕ್ಷಣವೇ ಜಾರಿಗೆ ಬಂತು. ಇರುವ ದಾಸ್ತಾನನ್ನು ಸರ್ಕಾರದ ಜಾಲತಾಣದಲ್ಲಿ ಘೋಷಿಸಬೇಕು, ಮಿತಿ ಮೀರಿದ್ದನ್ನು ಜುಲೈ 12ರೊಳಗೆ ಇಳಿಸಬೇಕು ಎಂದಿತ್ತು.

ಅಂಥ ದಿನ ಒಂದು ಗಿರಣಿಯಲ್ಲಿ ಏಳುವ ಪ್ರಶ್ನೆಗಳನ್ನು ನೋಡಿ. ಯಾವ ಗೋದಾಮಿನಲ್ಲಿ ಎಷ್ಟು ತೊಗರಿ ಇದೆ, ಅದರಲ್ಲಿ ನಮ್ಮದೆಷ್ಟು, ಬೇರೆಯವರು ಇಟ್ಟದ್ದೆಷ್ಟು? ಮೂರು ವಾರದಲ್ಲಿ ಎಷ್ಟನ್ನು ಬೇಳೆ ಮಾಡಿ ಹೊರಗೆ ಹಾಕಬಹುದು? ಯಾವ ಊರಿನ ಖರೀದಿದಾರ ತಕ್ಷಣ ಮಾಲು ಎತ್ತುತ್ತಾನೆ, ಯಾವ ದರಕ್ಕೆ? ದಾಸ್ತಾನು ತೋರಿಸಿ ಬ್ಯಾಂಕಿನಿಂದ ದುಡಿಮೆ ಬಂಡವಾಳದ ಸಾಲ ಪಡೆದಿದ್ದರೆ, ದಾಸ್ತಾನು ಇಳಿದಾಗ ಆ ಸಾಲದ ಗತಿ ಏನು? ಇವು ನಾಲ್ಕು ಪ್ರಶ್ನೆ. ಉತ್ತರ ನಾಲ್ಕು ಜನರ ಬಳಿ ಇದೆ: ಖರೀದಿ ಮತ್ತು ಗೋದಾಮು ನೋಡುವವರು, ಗಿರಣಿ ನಡೆಸುವವರು, ಮಾರಾಟ ನೋಡುವವರು, ಹಣಕಾಸು ನೋಡುವವರು. ಇವರ ಜೊತೆಗೆ ಕೊನೆಯ ಮಾತು ಹೇಳುವ ಒಬ್ಬರು. ಒಟ್ಟು ಐದು ಜನ.

ನಾನು ಇಂದು ಹೇಳಬೇಕೆಂದು ಬಂದಿರುವುದು ಇದನ್ನೇ. ನಿಮ್ಮ ಕಂಪನಿಯ ನಾಯಕತ್ವ ತಂಡ ಯಾವುದು ಎಂದು ಯಾರಾದರೂ ಕೇಳಿದರೆ, ಅಂಥ ದಿನ ಯಾರಿಲ್ಲದಿದ್ದರೆ ಕೈಕಾಲು ಆಡುವುದಿಲ್ಲವೋ ಅವರನ್ನು ತೋರಿಸಿ. ಉಳಿದವರು ಎಷ್ಟೇ ದೊಡ್ಡವರಾಗಿರಲಿ, ಎಷ್ಟೇ ಬೇಕಾದವರಾಗಿರಲಿ, ಅವರಿಗೆ ಕೊಡಬೇಕಾದ ಗೌರವವನ್ನು ಬೇರೆ ರೀತಿಯಲ್ಲಿ ಕೊಡಿ. ತೀರ್ಮಾನ ತೆಗೆದುಕೊಳ್ಳುವ ಈ ಗಾದಿಯ ಮೇಲೆ ಮಾತ್ರ ಜಾಗ ಕೊಡಬೇಡಿ.

ನಾನು ವೃತ್ತಿಯಿಂದ ಕಂಪನಿ ಕಾರ್ಯದರ್ಶಿ. ಸಭೆಗೆ ನೋಟಿಸು ಕಳಿಸುವುದು, ಕಾರ್ಯಸೂಚಿ ಹಂಚುವುದು, ನಡಾವಳಿ ಬರೆಯುವುದು ನನ್ನ ಕೆಲಸ. ನಡಾವಳಿ ಬರೆಯುವವನು ಒಂದು ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಾನೆ, ಹಾಗಾಗಿ ಎಲ್ಲವನ್ನೂ ನೋಡುತ್ತಾನೆ. ಯಾರು ಬಾಯಿ ತೆರೆದರು, ಯಾರು ಚಹಾ ಮುಗಿಸಿ ಎದ್ದರು, ಯಾರ ಮುಖ ನೋಡಿ ಉಳಿದವರು ತಲೆಯಾಡಿಸಿದರು ಎಂಬುದೆಲ್ಲ ಅವನಿಗೆ ಕಾಣುತ್ತದೆ. ಹತ್ತು ಹನ್ನೆರಡು ಜನ ಕೂತ ಸಭೆಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಹೀಗೆ: ಮಾತನಾಡುವವರು ಮೂವರು, ನಿರ್ಧರಿಸುವವರು ಇಬ್ಬರು, ಉಳಿದವರು ಸಾಕ್ಷಿಗಳು. ನಡಾವಳಿಯಲ್ಲಿ ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ಬರೆಯುತ್ತೇವೆ. ಆ ಸರ್ವಾನುಮತದ ತೂಕ ತಿಳಿಯುವುದು ನಷ್ಟವಾದ ದಿನ. ಅಂದು ಪ್ರತಿಯೊಬ್ಬರೂ ‘ನನಗೆ ಆಗಲೇ ಅನುಮಾನವಿತ್ತು’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಅನುಮಾನ ನಿಜವಾಗಿಯೂ ಇತ್ತು. ಅಷ್ಟು ಜನರ ಎದುರು, ಅದರಲ್ಲೂ ಹಿರಿಯರ ಎದುರು, ಅದನ್ನು ಹೇಳುವ ಧೈರ್ಯ ಬರಲಿಲ್ಲ, ಅಷ್ಟೇ.

ತಂಡ ದೊಡ್ಡದಾಗುವುದು ಯಾರ ಕೆಟ್ಟ ಬುದ್ಧಿಯಿಂದಲೂ ಅಲ್ಲ. ನಮ್ಮ ಭಾಗದಲ್ಲಿ ಅದು ಹೇಗೆ ಬೆಳೆಯುತ್ತದೆ ಎಂಬುದು ನಿಮಗೆಲ್ಲ ಗೊತ್ತಿರುವ ಸಂಗತಿ. ಹಿರಿಯರೊಬ್ಬರು ನಮ್ಮ ಊರಿನ ಸಗಟು ಮಾರುಕಟ್ಟೆಯಾದ ನೆಹರೂ ಗಂಜಿನಲ್ಲಿ ಅಡತಿ ಅಂಗಡಿ, ಅಂದರೆ ದಲ್ಲಾಳಿ ಅಂಗಡಿ, ಇಡುತ್ತಾರೆ. ನಾಲ್ಕು ಕಾಸು ಕೂಡಿದ ಮೇಲೆ ತಮ್ಮನನ್ನು ಜೊತೆಗೆ ಸೇರಿಸಿಕೊಂಡು ಗಿರಣಿ ಹಾಕುತ್ತಾರೆ. ಆಗ ಗಾದಿಯ ಮೇಲೆ ಅಣ್ಣ ತಮ್ಮ ಇಬ್ಬರೇ, ಪಕ್ಕದಲ್ಲಿ ಲೆಕ್ಕ ಬರೆಯುವ ಮುನೀಮರು. ಬೆಳಿಗ್ಗೆ ಮಾತಾಯಿತೆಂದರೆ ಮಧ್ಯಾಹ್ನ ಖರೀದಿ, ಸಂಜೆಗೆ ಲೆಕ್ಕ. ಗಿರಣಿ ಬೆಳೆಯುತ್ತದೆ. ಅಣ್ಣನ ಮಗ ಇಂಜಿನಿಯರಿಂಗ್ ಮುಗಿಸಿ ಬರುತ್ತಾನೆ, ಅವನಿಗೊಂದು ಜಾಗ. ಅಣ್ಣನ ಮಗನಿಗೆ ಕೊಟ್ಟು ತಮ್ಮನ ಮಗನಿಗೆ ಕೊಡದಿದ್ದರೆ ಮನೆಯಲ್ಲಿ ಒಲೆ ಎರಡಾಗುತ್ತದೆ, ಆದ್ದರಿಂದ ಅವನಿಗೂ ಒಂದು. ಕಷ್ಟಕಾಲದಲ್ಲಿ ದುಡ್ಡು ಹಾಕಿದ ಅಳಿಯಂದಿರು ಇದ್ದಾರೆ. ಬ್ಯಾಂಕ್ ಸಾಲಕ್ಕೆ ಜಾಮೀನು ನಿಂತ ಬೀಗರಿದ್ದಾರೆ. ತಲೆ ನರೆಯುವ ತನಕ ದುಡಿದ ಮುನೀಮರನ್ನು ಹೊರಗೆ ಕೂರಿಸಲು ಮನಸ್ಸು ಬರುವುದಿಲ್ಲ. ಪ್ಯಾಕಿಂಗ್ ಘಟಕ ಶುರುವಾದಾಗ ಹೈದರಾಬಾದಿನಿಂದ ಕರೆತಂದ ಮ್ಯಾನೇಜರ್, ‘ನನ್ನನ್ನು ಸಭೆಗೆ ಕರೆಯದಿದ್ದರೆ ಕೆಳಗಿನವರು ಮಾತು ಕೇಳುವುದಿಲ್ಲ’ ಎನ್ನುತ್ತಾನೆ. ನೋಡನೋಡುತ್ತಲೇ ಹತ್ತು ಜನ.

ಒಬ್ಬೊಬ್ಬರಿಗೂ ಒಂದು ಕಾರಣವಿದೆ, ಒಂದೂ ಸುಳ್ಳಲ್ಲ. ಆದರೆ ಆ ಕಾರಣಗಳೆಲ್ಲ ಹಿಂದಿನವು. ಮಾಡಿದ ಉಪಕಾರ, ಹಾಕಿದ ದುಡ್ಡು, ಹುಟ್ಟಿದ ಮನೆ, ಸವೆಸಿದ ವರ್ಷಗಳು. ತೆಗೆದುಕೊಳ್ಳಬೇಕಾದ ತೀರ್ಮಾನಗಳು ನಾಳೆಯವು. ನಾವು ಹಳೆಯ ಋಣವನ್ನು ತೀರ್ಮಾನದ ಕುರ್ಚಿಯಲ್ಲಿ ತೀರಿಸುತ್ತಿದ್ದೇವೆ. ಋಣ ತೀರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದುಡ್ಡು ಹಾಕಿದವರಿಗೆ ಸಲ್ಲಬೇಕಾದದ್ದು ಷೇರು ಮತ್ತು ಲಾಭಾಂಶ, ಅದು ವರ್ಷ ವರ್ಷ ತಪ್ಪದೆ ಸಲ್ಲಬೇಕು. ಜಾಮೀನು ನಿಂತವರಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ, ಕಂಪನಿಯ ಆಸ್ತಿಯನ್ನೇ ಭದ್ರತೆಯಾಗಿ ಕೊಟ್ಟು ಅವರನ್ನು ಆ ಜಾಮೀನಿನಿಂದ ಬಿಡಿಸುವುದು. ಮುನೀಮರಿಗೆ ಒಳ್ಳೆಯ ಸಂಬಳ, ನ್ಯಾಯವಾಗಿ ಬರಬೇಕಾದ ಉಪದಾನ (ಗ್ರಾಚ್ಯುಟಿ), ಆಸ್ಪತ್ರೆ ಖರ್ಚಿಗೆ ವಿಮೆ. ಎಷ್ಟೋ ಕಡೆ ಇವುಗಳಲ್ಲಿ ಒಂದನ್ನೂ ಸರಿಯಾಗಿ ಕೊಡದೆ, ಬದಲಿಗೆ ಸಭೆಯಲ್ಲಿ ಒಂದು ಕುರ್ಚಿ ಹಾಕಿರುತ್ತಾರೆ. ಇದು ಮುನೀಮರಿಗೂ ಅನ್ಯಾಯ, ಕಂಪನಿಗೂ ಅನ್ಯಾಯ. ಈ ಮಾತನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ಜನ ಹೆಚ್ಚಾದರೆ ನಷ್ಟವೇನು, ನಾಲ್ಕು ತಲೆ ಹೆಚ್ಚು ಸೇರಿದರೆ ಬುದ್ಧಿಯೂ ಹೆಚ್ಚಲ್ಲವೇ ಎಂದು ಕೇಳುತ್ತಾರೆ. ಸರಳವಾದ ಒಂದು ಲೆಕ್ಕವಿದೆ. ಐದು ಜನರಿದ್ದಲ್ಲಿ ಇಬ್ಬಿಬ್ಬರ ನಡುವಿನ ಸಂಬಂಧಗಳು 10. ಏಳಾದರೆ 21. ಹತ್ತಾದರೆ 45. ಹದಿನೈದಾದರೆ 105. ಜನ ಮೂರು ಪಟ್ಟಾದರೆ ಸಂಬಂಧ ಹತ್ತು ಪಟ್ಟಿಗಿಂತ ಹೆಚ್ಚಾಯಿತು. ಕುಟುಂಬದ ಕಂಪನಿಯಲ್ಲಿ ಆ ಒಂದೊಂದು ಸಂಬಂಧದೊಳಗೂ ಒಂದು ಮದುವೆಯ ಮಾತು, ಒಂದು ಹೊಲದ ಹಂಚಿಕೆ, ಒಂದು ಹಳೆಯ ಮುನಿಸು ಕೂತಿರುತ್ತದೆ. ತೊಗರಿ ಖರೀದಿಯ ಮಾತು ಈ ಎಲ್ಲದರ ನಡುವೆ ದಾಟಿ ಬರಬೇಕು.

ಫ್ರಾನ್ಸಿನಲ್ಲಿ ಮ್ಯಾಕ್ಸ್ ರಿಂಗೆಲ್‌ಮನ್ ಎಂಬ ಕೃಷಿ ಇಂಜಿನಿಯರ್ ಇದ್ದರು. ಮನುಷ್ಯರು, ಎತ್ತುಗಳು, ಯಂತ್ರಗಳು ಎಳೆಯುವ ಬಲವನ್ನು ಅಳೆಯುವುದು ಅವರ ಕೆಲಸವಾಗಿತ್ತು. ಜನರ ಕೈಯಲ್ಲಿ ಹಗ್ಗ ಎಳೆಸಿ ಅವರು ಮಾಡಿದ ಅಳತೆಗಳು 1913ರಲ್ಲಿ ಪ್ರಕಟವಾದವು. ಜನ ಕೂಡಿದಂತೆ ಒಟ್ಟು ಬಲ ಹೆಚ್ಚುತ್ತಿತ್ತು, ಒಬ್ಬೊಬ್ಬರ ಪಾಲು ಮಾತ್ರ ಇಳಿಯುತ್ತಲೇ ಹೋಗುತ್ತಿತ್ತು. ಎಂಟು ಜನ ಸೇರಿ ಎಳೆದಾಗ ಒಬ್ಬನ ಪಾಲು ಅವನು ಒಬ್ಬನೇ ಎಳೆಯುವಾಗಿನ ಅರ್ಧದಷ್ಟಕ್ಕೆ ಬಂದು ನಿಂತಿತ್ತು. ಎಲ್ಲರೂ ಒಂದೇ ಕ್ಷಣದಲ್ಲಿ ಎಳೆಯುವುದು ಕಷ್ಟ ಎಂಬುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣವನ್ನು ಅಮೆರಿಕದ ಸಂಶೋಧಕರು 1974ರಲ್ಲಿ ಬಿಡಿಸಿ ತೋರಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿದ ಒಬ್ಬನಿಗೆ, ನಿನ್ನ ಹಿಂದೆ ಇನ್ನೂ ಜನ ಎಳೆಯುತ್ತಿದ್ದಾರೆ ಎಂದು ನಂಬಿಸಿದರು. ನಿಜದಲ್ಲಿ ಎಳೆಯುತ್ತಿದ್ದವನು ಅವನೊಬ್ಬನೇ. ಆದರೂ ಅವನ ಬಲ ಕಡಿಮೆಯಾಯಿತು. ಬೇರೆಯವರಿದ್ದಾರೆ ಎಂಬ ನಂಬಿಕೆಯೇ ಕೈಯ ಬಿಗಿಯನ್ನು ಸಡಿಲಿಸುತ್ತದೆ. ಹಗ್ಗದ ವಿಷಯದಲ್ಲೇ ಹೀಗಾದರೆ, ತಪ್ಪಿದರೆ ಹೆಸರು ಕೆಡುವ ವ್ಯವಹಾರದ ತೀರ್ಮಾನದಲ್ಲಿ ಹೇಗಿರಬೇಕು ಯೋಚಿಸಿ.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಹ್ಯಾಕ್‌ಮನ್ ತಂಡಗಳ ಬಗ್ಗೆಯೇ ಜೀವಮಾನವಿಡೀ ಅಧ್ಯಯನ ಮಾಡಿದವರು. ಅವರು ಮತ್ತು ಅವರ ಸಹೋದ್ಯೋಗಿಗಳು ಬೇರೆ ಬೇರೆ ದೇಶಗಳ 120ರಷ್ಟು ಕಂಪನಿ ನಾಯಕತ್ವ ತಂಡಗಳನ್ನು ನೋಡಿದರು. ನಮ್ಮ ತಂಡದಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದು ಸ್ಪಷ್ಟವಾಗಿದೆ ಎಂದು ಬಹುಮಟ್ಟಿಗೆ ಎಲ್ಲ ತಂಡಗಳೂ ನಂಬಿದ್ದವು. ಸದಸ್ಯರನ್ನೇ ಕೇಳಿದಾಗ, ಯಾರು ಯಾರು ಸದಸ್ಯರು ಎಂಬುದರಲ್ಲಿ ಒಮ್ಮತವಿದ್ದದ್ದು ಶೇ 10ಕ್ಕಿಂತ ಕಡಿಮೆ. ತಂಡದ ಸಂಖ್ಯೆ ಎರಡಂಕಿ ಮುಟ್ಟಬಾರದು ಎಂಬುದು ಹ್ಯಾಕ್‌ಮನ್ ಅವರ ಖಚಿತ ಅಭಿಪ್ರಾಯವಾಗಿತ್ತು. ಈ ಪರೀಕ್ಷೆಯನ್ನು ನೀವೂ ಮಾಡಬಹುದು. ನಾಳೆ ನಿಮ್ಮ ಕಂಪನಿಯಲ್ಲಿ ಮುಖ್ಯರೆಂದು ಅನ್ನಿಸುವ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಒಂದು ಚೀಟಿ ಕೊಡಿ, ದೊಡ್ಡ ತೀರ್ಮಾನ ತೆಗೆದುಕೊಳ್ಳುವವರು ಯಾರು ಯಾರು ಎಂದು ಬರೆಯಲು ಹೇಳಿ. ಚೀಟಿಗಳು ಹೊಂದದಿದ್ದರೆ, ನಿಮ್ಮಲ್ಲಿ ತಂಡ ದೊಡ್ಡದಿದೆ ಎನ್ನುವುದಕ್ಕಿಂತ ತಂಡವೇ ಇಲ್ಲ ಎನ್ನುವುದು ಸರಿ.

ಹಾಗಾದರೆ ಎಷ್ಟು ಜನ? ನಮ್ಮ ಊರಿನ ಗಿರಣಿ, ಶಹಾಬಾದ್ ಕಲ್ಲಿನ ವ್ಯವಹಾರ, ನರ್ಸಿಂಗ್ ಹೋಂ, ಸಾಗಣೆ ಕಂಪನಿ ಇಂಥವಕ್ಕೆ ಮೂರರಿಂದ ಐದು ಜನ ಸಾಕು. ಮೂರು ನಾಲ್ಕು ಊರುಗಳಲ್ಲಿ ಘಟಕಗಳಿದ್ದರೆ ಏಳರ ತನಕ ಹೋಗಬಹುದು. ಅದರಾಚೆ ಹೋಗುತ್ತಿದ್ದರೆ ಸಂಖ್ಯೆಯನ್ನು ಬಿಟ್ಟು ಹೊಣೆಗಳನ್ನು ಎಣಿಸಿ. ಒಂದು ಹೊಣೆಗೆ ಒಬ್ಬರು. ‘ಖರೀದಿಯನ್ನು ನಾವಿಬ್ಬರೂ ನೋಡುತ್ತೇವೆ’ ಎಂದು ಇಬ್ಬರು ಹೇಳಿದರೆ ಖರೀದಿಯನ್ನು ಯಾರೂ ನೋಡುತ್ತಿಲ್ಲ ಎಂದು ತಿಳಿಯಿರಿ.

ಕಾನೂನಿನ ಮಾತು ಸ್ವಲ್ಪ ಹೇಳಬೇಕು, ಏಕೆಂದರೆ ನಿರ್ದೇಶಕ ಮಂಡಳಿ ಬೇರೆ, ದಿನನಿತ್ಯ ಕಂಪನಿ ನಡೆಸುವ ತಂಡ ಬೇರೆ ಎಂಬುದು ಇಲ್ಲಿ ಬಹಳ ಸಲ ಕಲಸಿಹೋಗುತ್ತದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಖಾಸಗಿ ಕಂಪನಿಗೆ ಕನಿಷ್ಠ ಇಬ್ಬರು ನಿರ್ದೇಶಕರು, ಸಾರ್ವಜನಿಕ ಕಂಪನಿಗೆ ಮೂವರು. ಹದಿನೈದು ದಾಟಬೇಕೆಂದರೆ ಷೇರುದಾರರ ವಿಶೇಷ ಗೊತ್ತುವಳಿ (ನಿರ್ಣಯ) ಬೇಕು. ಮಂಡಳಿ ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಸೇರಬೇಕು, ಎರಡು ಸಭೆಗಳ ನಡುವೆ 120 ದಿನಕ್ಕಿಂತ ಹೆಚ್ಚು ಅಂತರ ಇರಬಾರದು. ಸಣ್ಣ ಕಂಪನಿಗಳಿಗೆ ವರ್ಷದ ಪ್ರತಿ ಅರ್ಧಕ್ಕೆ ಒಂದು ಸಭೆ ಸಾಕು. ಹೀಗೆ ಮೂರು ತಿಂಗಳಿಗೋ ಆರು ತಿಂಗಳಿಗೋ ಸೇರುವ ಮಂಡಳಿ ಗಂಜಿನ ದರ ಗಂಟೆಗಂಟೆಗೆ ಬದಲಾಗುವ ವ್ಯಾಪಾರವನ್ನು ನಡೆಸಲಾರದು. ಮಂಡಳಿ ದಿಕ್ಕು ತೋರಿಸಲಿ, ಲೆಕ್ಕ ಕೇಳಲಿ. ನಡೆಸುವವರು ಬೇರೆ ಇರಲಿ.

ನಿರ್ದೇಶಕನ ಸ್ಥಾನವನ್ನು ಮರ್ಯಾದೆಗಾಗಿ ಹಂಚುವವರಿಗೆ ಇನ್ನೊಂದು ವಿಷಯ. ಕಂಪನಿಯ ಜಿಎಸ್‌ಟಿ ಬಾಕಿ ಕಂಪನಿಯಿಂದ ವಸೂಲಾಗದಿದ್ದರೆ, ಆ ಅವಧಿಯಲ್ಲಿದ್ದ ಖಾಸಗಿ ಕಂಪನಿ ನಿರ್ದೇಶಕರು ವೈಯಕ್ತಿಕವಾಗಿ ಹೊಣೆಯಾಗುತ್ತಾರೆ. ತಮ್ಮ ಕಡೆಯಿಂದ ಘೋರ ನಿರ್ಲಕ್ಷ್ಯವಾಗಲೀ ಕರ್ತವ್ಯಲೋಪವಾಗಲೀ ಆಗಿಲ್ಲ ಎಂದು ಅವರೇ ಸಾಬೀತು ಮಾಡಬೇಕು. ಬೀಗರಿಗೆ ಗೌರವ ಕೊಡುತ್ತೇವೆಂದು ಅವರ ತಲೆಯ ಮೇಲೆ ಇದನ್ನು ಇಡುತ್ತಿದ್ದೀರಿ. ಅವರಿಗೆ ಅದು ತಿಳಿದಿದೆಯೇ?

ಇದಕ್ಕಿಂತ ನೋವಿನ ಸಂಗತಿ ಮನೆಯ ಹೆಣ್ಣುಮಕ್ಕಳದು. ಕಾನೂನಿಗೆ ಇಬ್ಬರು ಬೇಕು ಎಂದು ಪತ್ನಿಯ ಹೆಸರು, ತಾಯಿಯ ಹೆಸರು ಬರೆಸುತ್ತೇವೆ. ಕಾಗದ ಮನೆಗೆ ಹೋಗುತ್ತದೆ, ಸಹಿ ಬಿದ್ದು ವಾಪಸು ಬರುತ್ತದೆ. ಸಭೆಗೆ ಕರೆಯುವುದಿಲ್ಲ, ಲೆಕ್ಕ ತೋರಿಸುವುದಿಲ್ಲ, ಹೊಣೆ ಮಾತ್ರ ಪೂರ್ತಿ ಅವರದು. ಸಣ್ಣ ತಂಡ ಎಂದು ನಾನು ಹೇಳುವಾಗ, ಇರುವ ಆ ಒಂದು ಹೆಸರನ್ನೂ ತೆಗೆದುಬಿಡಿ ಎಂದು ಹೇಳುತ್ತಿಲ್ಲ. ಮನೆಯ ಹಣಕಾಸನ್ನು ಬಿಗಿಯಾಗಿ ನಡೆಸುವ ಎಷ್ಟೋ ಹೆಣ್ಣುಮಕ್ಕಳು ಕಂಪನಿಯ ಹಣಕಾಸನ್ನೂ ಹಾಗೆಯೇ ನಡೆಸಬಲ್ಲರು. ಹೊಣೆ ಕೊಟ್ಟು ಕೂರಿಸಿ. ಅದು ಸಾಧ್ಯವಿಲ್ಲದಿದ್ದರೆ ಅವರ ಹೆಸರಿನಲ್ಲಿ ಸಹಿ ಹಾಕಿಸಬೇಡಿ.

ರೈತ ಉತ್ಪಾದಕ ಕಂಪನಿಗಳವರು ಇಲ್ಲಿ ಬಹಳ ಜನ ಬಂದಿದ್ದೀರಿ. ನಿಮ್ಮ ಕಷ್ಟ ಬೇರೆ. ನಿಮಗೆ ಕಾನೂನೇ ಕನಿಷ್ಠ ಐದು, ಗರಿಷ್ಠ ಹದಿನೈದು ನಿರ್ದೇಶಕರು ಎನ್ನುತ್ತದೆ. ಊರಿಗೊಬ್ಬರಂತೆ ಆರಿಸಿದರೆ ಹತ್ತು ಹನ್ನೆರಡು ಆಗಿಯೇ ಆಗುತ್ತದೆ, ಆಗಲಿ. ಸದಸ್ಯರಿಗೆ ನಮ್ಮ ಊರಿನವರು ಅಲ್ಲಿದ್ದಾರೆ ಎಂಬ ನಂಬಿಕೆ ಬೇಕು, ಅದು ಸಣ್ಣ ವಿಷಯವಲ್ಲ. ಆದರೆ ಅದೇ ಕಾನೂನು ಪೂರ್ಣಾವಧಿಯ ಮುಖ್ಯ ಕಾರ್ಯನಿರ್ವಾಹಕರೊಬ್ಬರು ಇರಲೇಬೇಕು ಎಂದೂ ಹೇಳುತ್ತದೆ. ಎಷ್ಟೋ ಕಡೆ ಆ ಹುದ್ದೆಯಲ್ಲಿರುವ ಹುಡುಗ ಅಥವಾ ಹುಡುಗಿಯನ್ನು ಕಂಪ್ಯೂಟರ್ ನೋಡುವ ಗುಮಾಸ್ತರಂತೆ ನಡೆಸಿಕೊಳ್ಳುತ್ತಾರೆ. ಬೀಜ, ಗೊಬ್ಬರ, ಬಾಡಿಗೆ ಯಂತ್ರ, ತೊಗರಿ ಖರೀದಿ, ಪ್ರತಿಯೊಂದಕ್ಕೂ ಹನ್ನೆರಡು ನಿರ್ದೇಶಕರಿಗೆ ಫೋನು ಮಾಡಿ ಒಪ್ಪಿಗೆ ಪಡೆಯಬೇಕು. ಡಿಸೆಂಬರ್ ಕೊನೆಗೆ ಹೊಸ ತೊಗರಿ ಬರತೊಡಗಿದಾಗ ಎಲ್ಲರ ಒಪ್ಪಿಗೆ ಸಿಗುವಷ್ಟರಲ್ಲಿ ರೈತ ಗಾಡಿ ತಿರುಗಿಸಿಕೊಂಡು ಗಂಜಿಗೆ ಹೋಗಿರುತ್ತಾನೆ. ಇಂತಿಷ್ಟು ಕ್ವಿಂಟಲ್, ಇಂತಿಷ್ಟು ದರದ ತನಕ ಕೇಳದೆ ಕೊಳ್ಳಬಹುದು ಎಂದು ಹಂಗಾಮಿಗೆ ಮೊದಲೇ ಮಂಡಳಿ ಗೊತ್ತುವಳಿ ಮಾಡಿಡಲಿ. ಆ ಗಡಿಯೊಳಗೆ ಕಾರ್ಯನಿರ್ವಾಹಕರು, ಅಧ್ಯಕ್ಷರು, ಖರೀದಿ ಬಲ್ಲ ಇನ್ನೊಬ್ಬ ನಿರ್ದೇಶಕರು, ಈ ಮೂವರೇ ನಡೆಸಲಿ. ತಿಂಗಳಿಗೊಮ್ಮೆ ಹನ್ನೆರಡೂ ಜನ ಕೂತು ಬಿಡಿಬಿಡಿಯಾಗಿ ಲೆಕ್ಕ ಕೇಳಲಿ.

ಈಗ ಅತ್ಯಂತ ಕಷ್ಟದ ಭಾಗಕ್ಕೆ ಬರುತ್ತೇನೆ. ಈಗಾಗಲೇ ಹತ್ತು ಜನ ಕೂತಿದ್ದಾರೆ. ಐದಕ್ಕೆ ಇಳಿಸುವುದು ಹೇಗೆ?

ನಮ್ಮ ಇತಿಹಾಸದಲ್ಲೇ ಇದರ ಪಾಠವಿದೆ. ಬಹಮನಿ ರಾಜ್ಯ 1347ರಲ್ಲಿ ಈ ಊರನ್ನೇ ರಾಜಧಾನಿ ಮಾಡಿಕೊಂಡು ಶುರುವಾಯಿತು. ಒಂದನೆಯ ಮಹಮ್ಮದ್ ಷಾ ಆಡಳಿತವನ್ನು ಎಂಟು ಮಂತ್ರಿಗಳ ಕೈಗೆ ಹಂಚಿದ. ರಾಜ್ಯವನ್ನು ತರಫ್‌ಗಳೆಂಬ ನಾಲ್ಕು ಪ್ರಾಂತ್ಯಗಳಾಗಿ ಮಾಡಿದ್ದರು. ರಾಜ್ಯ ಬೆಳೆದಂತೆ ಆ ನಾಲ್ವರು ಪ್ರಾಂತ್ಯಾಧಿಕಾರಿಗಳು ತಾವೇ ರಾಜರೆಂಬಷ್ಟು ಬೆಳೆದರು. ರಾಜಧಾನಿ ಬೀದರಿಗೆ ಹೋದ ಮೇಲೆ ಪ್ರಧಾನಿಯಾದ ಮಹಮೂದ್ ಗವಾನ್ ಇದನ್ನು ಕಂಡುಕೊಂಡು ನಾಲ್ಕು ಪ್ರಾಂತ್ಯಗಳನ್ನು ಎಂಟು ಮಾಡಿದ, ಒಬ್ಬೊಬ್ಬ ಪ್ರಾಂತ್ಯಾಧಿಕಾರಿಯ ಕೈಯಲ್ಲಿ ಒಂದೇ ಕೋಟೆ ಉಳಿಸಿ ಬೇರೆ ಕೋಟೆಗಳನ್ನು ಸುಲ್ತಾನನ ಅಧೀನಕ್ಕೆ ತಂದ. ಆಡಳಿತದ ದೃಷ್ಟಿಯಿಂದ ಇದಕ್ಕಿಂತ ಸರಿಯಾದ ಕ್ರಮ ಇರಲಿಲ್ಲ. ಆದರೆ ಅಧಿಕಾರ ಮೊಟಕಾದವರ ಸಿಟ್ಟು ಉಳಿಯಿತು. ಇಲ್ಲಿಯೇ ನೆಲೆಸಿದ್ದ ದಖನಿ ಸರದಾರರು ಮತ್ತು ಹೊರದೇಶಗಳಿಂದ ಬಂದ ಪರದೇಶಿ ಸರದಾರರ ನಡುವಿನ ಹಳೆಯ ಜಗಳ ಅದಕ್ಕೆ ಸೇರಿಕೊಂಡಿತು. ಅವನ ಮುದ್ರೆಯಿದ್ದ ಸುಳ್ಳು ಪತ್ರವೊಂದನ್ನು ಸುಲ್ತಾನನ ಮುಂದಿಟ್ಟರು, 1481ರಲ್ಲಿ ಗವಾನನ ತಲೆ ಹೋಯಿತು. ಮುಂದೆ ಕೆಲವೇ ದಶಕಗಳಲ್ಲಿ ರಾಜ್ಯ ಐದು ಹೋಳಾಯಿತು. 1472ರಲ್ಲಿ ಮುಗಿದ ಅವನ ಮದರಸಾ ಬೀದರಿನಲ್ಲಿ ಇಂದೂ ನಿಂತಿದೆ. ನನಗೆ ಗವಾನನ ಮೇಲೆ ಅಪಾರ ಗೌರವ. ಅವನ ಕ್ರಮ ಸರಿಯಿತ್ತು, ಅದನ್ನು ಉಳಿಸಿಕೊಳ್ಳುವ ಇನ್ನೂ ನಾಲ್ಕು ಜನ ಅವನ ಸುತ್ತ ಇರಲಿಲ್ಲ. ಕೈಯಿಂದ ಅಧಿಕಾರ ಕಿತ್ತುಕೊಂಡವರಿಗೆ ಬದಲಿಗೆ ಏನನ್ನು ಕೊಡಬೇಕು ಎಂಬ ಪ್ರಶ್ನೆಗೂ ಅವನಲ್ಲಿ ಉತ್ತರ ಇರಲಿಲ್ಲ.

ಆದ್ದರಿಂದ ಇಳಿಸುವ ಕೆಲಸ ಮಾತಿನಿಂದ ಶುರುವಾಗಲಿ, ಕಾಗದದಿಂದ ಅಲ್ಲ. ಮನೆಯ ಹಿರಿಯ ಕಾಕಾ ಇದ್ದಾರೆ ಎಂದುಕೊಳ್ಳಿ. ಗಿರಣಿಯ ಮೊದಲ ಕಲ್ಲು ಇಟ್ಟವರು, ಈಗ ಎಪ್ಪತ್ತು ದಾಟಿದವರು. ಅವರಿಗೆ ವಾಟ್ಸ್‌ಆ್ಯಪ್ ಸಂದೇಶ ಕಳಿಸಿ ‘ಇನ್ನು ಮುಂದೆ ಸೋಮವಾರದ ಸಭೆಗೆ ಬರುವುದು ಬೇಡ’ ಎನ್ನುವುದು ಪಾಪದ ಕೆಲಸ. ಮಗನೂ ಅಣ್ಣನ ಮಗನೂ ಕೂಡಿ ಅವರ ಮನೆಗೆ ಹೋಗಬೇಕು. ‘ಕಾಕಾ, ದಿನದ ಖರೀದಿ ಮಾರಾಟದ ತಲೆಬಿಸಿ ನಮಗಿರಲಿ. ಆಸ್ತಿ ಮಾರುವುದು, ದೊಡ್ಡ ಸಾಲ ತೆಗೆಯುವುದು, ಹೊಸ ಗಿರಣಿ ಹಾಕುವುದು, ಈ ಮೂರನ್ನು ನಿಮ್ಮನ್ನು ಕೇಳದೆ ಮಾಡುವುದಿಲ್ಲ’ ಎಂದು ಹೇಳಬೇಕು. ಹೇಳಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳಬೇಕು. ಹಿರಿಯರಲ್ಲಿ ಬಹಳ ಜನ ಅಧಿಕಾರಕ್ಕಾಗಿ ಸಭೆಗೆ ಬರುವುದಿಲ್ಲ. ಬರದಿದ್ದರೆ ಏನು ನಡೆಯುತ್ತಿದೆ ಎಂದು ಯಾರೂ ತಿಳಿಸುವುದಿಲ್ಲ ಎಂಬ ಆತಂಕದಿಂದ ಬರುತ್ತಾರೆ. ಆ ಆತಂಕ ನ್ಯಾಯವಾದದ್ದು. ಪ್ರತಿ ವಾರ ಒಬ್ಬರು ಅವರ ಬಳಿ ಕೂತು ಅರ್ಧ ಗಂಟೆ ವ್ಯವಹಾರ ಹೇಳಿದರೆ ಅದು ಹೋಗುತ್ತದೆ. ತೊಗರಿಯ ಕಾಳು ಕೈಯಲ್ಲಿ ಹಿಡಿದು ಎಷ್ಟು ಬೇಳೆ ಬಿದ್ದೀತು ಎಂದು ಹೇಳಬಲ್ಲ ಅವರ ಅನುಭವ ಹೊಸಬರಿಗೆ ಸಿಗುವುದೂ ಆ ಅರ್ಧ ಗಂಟೆಯಲ್ಲೇ.

ಇಬ್ಬರು ಮಕ್ಕಳಲ್ಲಿ ಒಬ್ಬನನ್ನು ಕೂರಿಸಿ ಒಬ್ಬನನ್ನು ಬಿಡುವುದು ಇದಕ್ಕಿಂತ ಕಠಿಣ. ಬೀದರಿನಲ್ಲಿ ಮಾರಾಟ ಕಚೇರಿ ತೆರೆಯುವುದೋ, ಯಾದಗಿರಿ ಕಡೆಯ ಖರೀದಿ ಕೇಂದ್ರವೋ, ಪೂರ್ತಿ ಅವನದೇ ಎನ್ನುವ ಕೆಲಸ ಅವನಿಗೆ ಕೊಡಿ. ಅಲ್ಲಿನ ಸಣ್ಣ ತಂಡಕ್ಕೆ ಅವನೇ ಯಜಮಾನ. ಸ್ವಂತದ್ದೆನ್ನುವ ಕೆಲಸ ಇದ್ದವನಿಗೆ ಬೇರೆಯವರ ಸಭೆಯಲ್ಲಿ ಕೂರುವ ಹಂಬಲ ಬಹಳ ದಿನ ಇರುವುದಿಲ್ಲ.

ಒಂದು ನಿಯಮವನ್ನು ಬರೆದಿಡಿ. ಸಂವಿಧಾನಕ್ಕೇ 2003ರಲ್ಲಿ 91ನೆಯ ತಿದ್ದುಪಡಿ ತಂದು, ಮಂತ್ರಿಗಳ ಸಂಖ್ಯೆ ಸದನದ ಬಲದ ಶೇ 15 ಮೀರಬಾರದು ಎಂದು ಬರೆಯಬೇಕಾಯಿತು. 224 ಸದಸ್ಯರ ನಮ್ಮ ವಿಧಾನಸಭೆಯ ಲೆಕ್ಕದಲ್ಲಿ ಮುಖ್ಯಮಂತ್ರಿ ಸೇರಿ 34. ಬರೆದ ಮಿತಿ ಇದ್ದರೆ ‘ಇಲ್ಲ’ ಎನ್ನುವುದು ಸುಲಭ, ಆ ನಿರಾಕರಣೆ ಯಾರಿಗೂ ವೈಯಕ್ತಿಕವಾಗಿ ತಾಗುವುದಿಲ್ಲ. ನಿಮ್ಮ ಕಂಪನಿಯಲ್ಲಿ ತಂಡ ಐದು ಎಂದು ಬರೆದರೆ, ಆರನೆಯವರು ಬರಬೇಕಾದರೆ ಒಬ್ಬರು ಏಳಬೇಕು. ವರ್ಷಕ್ಕೊಮ್ಮೆ, ದೀಪಾವಳಿ ಪಾಡ್ಯದಂದು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವಾಗ, ಯಾರ ಹೊಣೆ ಯಾವುದು ಎಂಬುದನ್ನೂ ಹೊಸದಾಗಿ ಬರೆಯಿರಿ.

ಸಣ್ಣದಾದ ಮಾತ್ರಕ್ಕೆ ತಂಡ ಚೆನ್ನಾಗಿರುತ್ತದೆ ಎಂದು ನಾನು ಹೇಳುವುದಿಲ್ಲ. ಮೂವರು ಅಣ್ಣತಮ್ಮಂದಿರೇ ಇರುವ ತಂಡ ಎಷ್ಟೋ ಸಲ ಒಬ್ಬನೇ ಇದ್ದಂತೆ. ಒಂದೇ ಮನೆಯ ಊಟ, ಒಂದೇ ಭಯ, ಒಂದೇ ನೆಂಟರು, ಹಾಗಾಗಿ ಒಂದೇ ಯೋಚನೆ. ಐವರಲ್ಲಿ ಕನಿಷ್ಠ ಒಬ್ಬರು ಹೊರಗಿನವರಾಗಿರಲಿ, ‘ಈ ದರಕ್ಕೆ ಕೊಳ್ಳುವುದು ಬೇಡ’ ಎಂದು ಯಜಮಾನರ ಮುಖಕ್ಕೆ ಹೇಳಿ ಮರುದಿನವೂ ಕೆಲಸದಲ್ಲಿ ಉಳಿಯಬಲ್ಲವರಾಗಿರಲಿ. ಹಣಕಾಸು ನೋಡುವವರೇ ಹಾಗಿದ್ದರೆ ಇನ್ನೂ ಒಳ್ಳೆಯದು. ತಂಡ ಸಣ್ಣದಾದಷ್ಟೂ ಮಾಹಿತಿ ದೂರದ ತನಕ ಹೋಗಬೇಕು ಎಂಬುದನ್ನೂ ಮರೆಯಬಾರದು. ಸೋಮವಾರ ಬೆಳಿಗ್ಗೆ ಒಂದು ಗಂಟೆ ಕೂತರೆ, ಏನು ತೀರ್ಮಾನವಾಯಿತು, ಯಾರು ಮಾಡುತ್ತಾರೆ, ಎಂದಿನೊಳಗೆ ಎಂಬುದು ಅಂದೇ ಸಂಜೆ ಗೋದಾಮಿನವರಿಗೂ ಗಿರಣಿಯ ಫೋರ್‌ಮನ್‌ಗೂ ತಿಳಿದಿರಬೇಕು. ಹಮಾಲರ ಕೂಲಿ ದರದಂಥ ವಿಷಯ ಬಂದಾಗ ಅವರ ಮುಖಂಡರನ್ನು ಆ ವಿಷಯಕ್ಕೆ ಕರೆಯಿರಿ, ಅವರ ಮಾತು ಪೂರ್ತಿ ಕೇಳಿ. ಅದು ಮುಗಿದ ಮೇಲೆ ಅವರು ತಮ್ಮ ಕೆಲಸಕ್ಕೆ ಹೋಗಲಿ.

ಮಾತು ಮುಗಿದ ಮೇಲೆ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಸಾವಿರಾರು ಜನ ದುಡಿಯುವ ಕಂಪನಿಗೂ ಇದು ಸಾಧ್ಯವೇ ಎಂದು ಯುವಕರೊಬ್ಬರು ಕೇಳಿದರು. ಅಮೆರಿಕದ ಬರ್ಕ್‌ಷೈರ್ ಹ್ಯಾಥವೇಯ ಒಡೆತನದ ಕಂಪನಿಗಳಲ್ಲಿ ದುಡಿಯುವವರು ಲಕ್ಷಗಟ್ಟಲೆ. ಒಮಾಹಾ ಊರಿನ ಅದರ ಕೇಂದ್ರ ಕಚೇರಿಯಲ್ಲಿರುವವರು ಮೂವತ್ತರ ಆಸುಪಾಸು. ಒಂದೊಂದು ಕಂಪನಿಯ ಮುಖ್ಯಸ್ಥರಿಗೂ ತಮ್ಮ ವ್ಯವಹಾರವನ್ನು ತಾವೇ ನಡೆಸುವ ಅಧಿಕಾರ ಕೊಟ್ಟದ್ದರಿಂದ ಮೇಲೆ ಜನ ಬೇಕಾಗಲಿಲ್ಲ. ಕೆಳಗಿನವರನ್ನು ನಂಬದವರಿಗೆ ಮೇಲೆ ಎಷ್ಟು ಜನ ಇದ್ದರೂ ಸಾಲದು.

ಎರಡನೆಯ ಪ್ರಶ್ನೆ ಕೇಳಿದವರು ಹಿಂದಿನ ಸಾಲಿನಲ್ಲಿದ್ದ ಮಹಿಳೆ. ‘ನಾನು ಹೆಸರಿಗೆ ನಿರ್ದೇಶಕಿ. ಎಲ್ಲಿಂದ ಶುರು ಮಾಡಲಿ?’ ಎಂದರು. ಅಕ್ಕಾ, ಮುಂದಿನ ಸಲ ಕಾಗದ ಮನೆಗೆ ಬಂದಾಗ ಅಂದೇ ಸಹಿ ಹಾಕಬೇಡಿ. ನಿರ್ದೇಶಕರಿಗೆ ಕಂಪನಿಯ ಲೆಕ್ಕಪತ್ರ ನೋಡುವ ಹಕ್ಕನ್ನು ಕಾನೂನೇ ಕೊಟ್ಟಿದೆ. ಕಳೆದ ವರ್ಷದ ಲೆಕ್ಕಪತ್ರ, ಬ್ಯಾಂಕ್ ಸಾಲದ ವಿವರ, ಜಿಎಸ್‌ಟಿ ಕಟ್ಟಿದ ರಸೀದಿಗಳು, ಈ ಮೂರನ್ನು ತರಿಸಿಕೊಳ್ಳಿ. ಅರ್ಥವಾಗದ ಕಡೆ ಪೆನ್ಸಿಲಿನಿಂದ ಗುರುತು ಮಾಡಿ, ನಿಮ್ಮ ಲೆಕ್ಕ ಪರಿಶೋಧಕರನ್ನು ಮನೆಗೆ ಕರೆಸಿ ಒಂದೊಂದನ್ನೂ ಕೇಳಿ. ಮುಂದಿನ ಸಭೆಯ ನೋಟಿಸನ್ನು ನಿಮ್ಮ ಹೆಸರಿಗೇ ಕಳಿಸಲು ಹೇಳಿ, ಆ ಸಭೆಗೆ ಹೋಗಿ ಕೂತುಕೊಳ್ಳಿ.